ಇನ್ನೂರು ಗ್ರಾಂ ಕಡಿಮೆ

ಜಿಲ್ಲಾ ಮಟ್ಟದ ಬಾಕ್ಸಿಂಗ್ ನೋಡಿ ನಾಲ್ಕು ಸಾಲು ಬರೆಯೋಣವೆಂದು ಭದ್ರಾವತಿಗೆ ಹೋದವಳನ್ನು ಕೋಚ್ ಬಾಗಿಲಲ್ಲೇ ಹಿಡಿದರು. "ಮೇಡಂ, ಹೆಣ್ಮಕ್ಕಳ ತೂಕ ನೋಡೋಕೆ ಲೇಡೀಸೇ ಇರಬೇಕು ಅಂತ ರೂಲ್ಸು. ಇಲ್ಲಿ ನಿಮ್ಮನ್ನ ಬಿಟ್ರೆ ಯಾರೂ ಇಲ್ಲ." ಸರಿ, ತೂಕದ ಯಂತ್ರದ ಪಕ್ಕ ನಿಂತೆ.

ತೂಕ ಇಳಿಸಲು ಒದ್ದಾಡುವವರನ್ನು ಎಷ್ಟೋ ಊರಲ್ಲಿ ನೋಡಿದ್ದೇನೆ. ಇಲ್ಲಿ ಕಾರ್ಖಾನೆ ಕೆಲಸಗಾರರೊಬ್ಬರ ಮಗಳು ಮುಳ್ಳು ನೋಡಿ, "ನಲವತ್ತೆಂಟು ಕೆ.ಜಿ.ಗೆ ಇನ್ನೂರು ಗ್ರಾಂ ಕಡಿಮೆ" ಎಂದು ಮುಖ ಸಣ್ಣ ಮಾಡಿದಳು.

"ಒಳ್ಳೇದೇ ಆಯ್ತಲ್ಲ?"

"ಎಲ್ಲಿ ಒಳ್ಳೇದು ಮೇಡಂ? ನಲವತ್ತೆಂಟರೊಳಗೆ ನಾನೊಬ್ಳೇ. ಒಂದೇಟೂ ಹೊಡೀದೆ ಗೋಲ್ಡ್ ಕೊಟ್ಟು ಕಳಿಸ್ತಾರೆ. ಅದು ದಾಟಿದ್ರೆ ಮೇಲಿನ ಗುಂಪಲ್ಲಿ ಶಿವಮೊಗ್ಗದವಳೊಬ್ಳು ಸಿಗ್ತಾಳೆ. ಎರಡು ವರ್ಷದಿಂದ ನಂದು ಹುಡುಗರ ಜೊತೆನೇ ಪ್ರಾಕ್ಟೀಸು. ಪಾಪ ಹುಡುಗಿ ಅಂತ ಮೆತ್ತಗೆ ಹೊಡೀತಾರೆ."

ಹೊರಗೆ ಅವಳಪ್ಪ, ಗೋಲ್ಡ್ ಸರ್ಟಿಫಿಕೇಟ್ ಇದ್ದರೆ ಕೋಟಾದಲ್ಲಿ ಕೆಲಸ ಗ್ಯಾರಂಟಿ ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಅದು ಕೇಳಿಸುತ್ತಿದ್ದರೂ ನನ್ನ ಚೀಲದಲ್ಲಿದ್ದ ಮೂರು ಬಾಳೆಹಣ್ಣು ಅವಳಿಗೆ ಕೊಟ್ಟೆ. ತಿಂದು, ಮೇಲೊಂದು ಚೊಂಬು ನೀರು ಕುಡಿದು ಮತ್ತೆ ಹತ್ತಿದಳು. ಮುಳ್ಳು ನಲವತ್ತೆಂಟು ದಾಟಿತು.

ಮಧ್ಯಾಹ್ನ ಪಾಯಿಂಟ್ ಮೇಲೆ ಸೋತಳು. ತುಟಿ ಊದಿತ್ತು, ಮುಖದ ತುಂಬ ನಗು. ಅಪ್ಪ ಕುರ್ಚಿಯಿಂದೆದ್ದದ್ದು ನೋಡಿ ನಾನು ಕಂಬದ ಹಿಂದೆ ಸರಿದೆ. ಅವರು ನೇರವಾಗಿ ಗೆದ್ದ ಹುಡುಗಿಯ ಬಳಿ ಹೋಗಿ, "ಭಾನುವಾರ ಭಾನುವಾರ ಬಸ್ ಹತ್ತಿ ಬಾರಮ್ಮ. ಇವಳಿಗೂ ಒಂದು ಜೊತೆ ಆಗುತ್ತೆ. ಊಟ ನಮ್ಮನೇಲೇ" ಅಂದರು.

"ಕೋಳಿ ಮಾಡೋದಾದ್ರೆ ಬರ್ತೀನಿ ಅಂಕಲ್" ಎಂದಳು ಅವಳು.

ಅಪ್ಪ ಒಪ್ಪಿಕೊಂಡರು. ಗೆದ್ದವರ ಮಾತು ನಡೆಯಲೇಬೇಕಲ್ಲ.