ಕಿಟಕಿ ಬಿಸಿಲಲ್ಲಿ ಬೆಳೆದ ಉಡ

ನಮ್ಮ ಮನೆಗೆ ಬಂದಾಗ ಆ ಉಡದ ಮರಿ ಬಾಲವೂ ಸೇರಿ ಒಂದು ಗೇಣು ಇತ್ತು. ನಮ್ಮ ಯಜಮಾನರ ಆಫೀಸಿನವರೊಬ್ಬರು ವೀಸಾ ಕ್ಯಾನ್ಸಲ್ ಆಗಿ ಊರಿಗೆ ಹೊರಟಿದ್ದರು. ಅವರ ಗಾಜಿನ ಪೆಟ್ಟಿಗೆ, ಬಲ್ಬು, ಮರಿ ಎಲ್ಲವೂ ಒಂದು ಸಂಜೆ ಎಲೆಕ್ಟ್ರಾ ಸ್ಟ್ರೀಟಿನ ನಮ್ಮ ಒಂಬತ್ತನೇ ಮಹಡಿಗೆ ಬಂದವು.

"ಹತ್ತು ದಿನ ಇರ್ಲಿ ಕಣೇ, ಆಮೇಲೆ ಯಾರಿಗಾದ್ರೂ ಕೊಟ್ಬಿಡ್ತೀನಿ" ಅಂದರು ಇವರು. ಕೊಡಲಿಲ್ಲ. ನಾನೂ ಕೇಳಲಿಲ್ಲ.

ಮೈಸೂರಿನಲ್ಲಿ ನಾನು ಹೈಸ್ಕೂಲಿನ ಬಯಾಲಜಿ ಟೀಚರ್. ಕೊಲ್ಲಿ ದೇಶದ ಈ ಊರಿಗೆ ಬಂದ ಮೇಲೆ ಶಾಲೆಗಳಿಗೆಲ್ಲ ಅರ್ಜಿ ಹಾಕಿ ಕೂತಿದ್ದೆ. ಕೈಗೊಂದು ಕೆಲಸ ಸಿಕ್ಕ ಹಾಗಾಯಿತು.

ಊರಿಗೆ ಹೋಗುವಾಗ ಆ ಆಫೀಸಿನವರು ಎರಡೇ ಮಾತು ಹೇಳಿದ್ದರು. ಚಿಮ್ಮಂಡೆ ಹುಳಗಳನ್ನು ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ ಹಾಕಬೇಕು, ಹಗಲೆಲ್ಲ ಆ ಬಲ್ಬು ಉರಿಯಬೇಕು. ಒಂದು ತಿಂಗಳು ಹಾಗೇ ಮಾಡಿದೆ. ಡಬ್ಬಿಯಿಂದ ತಪ್ಪಿಸಿಕೊಂಡ ಹುಳಗಳು ಫ್ರಿಜ್ಜಿನ ಹಿಂದೆ ಸೇರಿ ಕಿರ್ ಅನ್ನತೊಡಗಿದವು. "ಖಲಾಸ್, ಇನ್ನು ಈ ಹುಳ ಬೇಡ" ಅಂದರು ಇವರು. ಮೊಟ್ಟೆಯನ್ನೂ ಮುಟ್ಟದ ಮನೆಯಿಂದ ಬಂದ ನಾನು ಕೋಳಿ ಕೀಮಾ ತರಲು ಕಲಿತೆ. ಬಂದರಿನ ಮೀನಾ ಮಾರ್ಕೆಟ್ಟಿನಲ್ಲಿ ಮೂಗಿಗೆ ದುಪಟ್ಟಾ ಒತ್ತಿಕೊಂಡು ಸಿಗಡಿ ಕೊಂಡು, ಸಿಪ್ಪೆ ಗಂಟಲಿಗೆ ಸಿಕ್ಕೀತೆಂದು ಸುಲಿಸಿಯೇ ತರುತ್ತಿದ್ದೆ. ಪುಡಿಯ ಡಬ್ಬಿ ಕಪಾಟು ಸೇರಿತು.

ಬಲ್ಬು ಒರೆಸುವಾಗ ಕೈಜಾರಿ ಒಡೆಯಿತು. ಇಷ್ಟು ಬಿಸಿಲಿರುವ ಊರಲ್ಲಿ ಬಲ್ಬು ಯಾತಕ್ಕೆ ಅನ್ನಿಸಿತು. ಪೆಟ್ಟಿಗೆಯನ್ನು ಕಿಟಕಿಯ ಹತ್ತಿರ ಸರಿಸಿದೆ.

ಮರಿ ಬೆಳೆಯಿತು. ವಾರಕ್ಕೊಮ್ಮೆ ಟೇಪು ಹಿಡಿಯುತ್ತಿದ್ದೆ. ಆರು ತಿಂಗಳಿಗೆ ಒಂದು ಮೊಳ ದಾಟಿತ್ತು, ಹೊಟ್ಟೆ ತುಂಬಿಕೊಂಡಿತ್ತು. ಚಮಚದ ಸದ್ದಿಗೆ ತಲೆ ಎತ್ತಿ ನಾಲಿಗೆ ಚಾಚುತ್ತಿತ್ತು. ಬಂದವರಿಗೆಲ್ಲ "ನಾನೇ ಸಾಕಿದ್ದು" ಅಂತ ತೋರಿಸುತ್ತಿದ್ದೆ.

ಆಮೇಲೆ ಹಿಂಗಾಲು ನಡುಗತೊಡಗಿತು. ಬಾಯಿಗಿಟ್ಟ ಕೀಮಾ ಜಾರಿ ಬೀಳುತ್ತಿತ್ತು. ಒಂದು ಬೆಳಿಗ್ಗೆ ಮುಂಗಾಲಲ್ಲೇ ಮೈಯನ್ನು ಎಳೆದುಕೊಂಡು ನನ್ನ ಕಡೆ ಬಂತು. ಖಲೀಫಾ ಸಿಟಿಯ ಒಬ್ಬ ಪಶುವೈದ್ಯೆಯ ಹತ್ತಿರ ಓಡಿದೆವು. ಅವರು ಎಕ್ಸ್‌ರೇ ಹಿಡಿದು ನೋಡಿದರು. ಮೂಳೆ ಇರಬೇಕಾದ ಕಡೆ ಬರೀ ಮಸುಕು.

"ಬಿಸಿಲು ಬೀಳುತ್ತಿತ್ತಾ?" ಅಂತ ಕೇಳಿದರು.

"ದಿನಾ ಬೀಳ್ತಿತ್ತು. ಕಿಟಕಿ ಪಕ್ಕದಲ್ಲೇ ಇಟ್ಟಿದ್ದೆ."

"ಕಿಟಕಿ ತೆರೆದಿಡುತ್ತಿದ್ದಿರಾ?"

"ಇಲ್ಲ. ಅದು ತೆರೆಯೋ ಕಿಟಕಿ ಅಲ್ಲ."

ಅವರು ಎಕ್ಸ್‌ರೇ ಕೆಳಗಿಟ್ಟರು. "ಮೂಳೆಗೆ ಬೇಕಾದ ಕಿರಣವನ್ನ ಗಾಜು ಒಳಗೆ ಬಿಡೋದಿಲ್ಲ" ಅಂದರು, ಮೆಲ್ಲಗೆ.

ಬಿಸಿಲು, ವಿಟಮಿನ್ ಡಿ, ಮೂಳೆ. ಎಂಟು ವರ್ಷ ಇದನ್ನೇ ಬೋರ್ಡಿನ ಮೇಲೆ ಬರೆದವಳು ನಾನು.

ಡ್ರಾಪರಿನಲ್ಲಿ ಕ್ಯಾಲ್ಸಿಯಂ ಹಾಕಿದೆ, ಆ ಕಿರಣ ಕೊಡುವ ಹೊಸ ಬಲ್ಬು ತಂದೆವು. ಹತ್ತೊಂಬತ್ತು ದಿನ. ದವಡೆ ರಬ್ಬರಿನಂತಾಗಿತ್ತು, ಹಿಡಿದರೆ ಬಾಗುತ್ತಿತ್ತು. ಹಾಗಿದ್ದೂ ನಾನು ಹತ್ತಿರ ಹೋದರೆ ನಾಲಿಗೆ ಚಾಚುತ್ತಿತ್ತು. ಕೊನೆಯ ಮಧ್ಯಾಹ್ನ ಅದೂ ನಿಂತಿತು.

"ಹುಳ ಬೇಡ ಅಂದವನು ನಾನು. ನಿನ್ನ ತಪ್ಪಲ್ಲ" ಅಂದರು ಇವರು.

"ನಿಮಗೆ ಗೊತ್ತಿರ್ಲಿಲ್ಲ ರೀ. ನನಗೆ ಗೊತ್ತಿರ್ಬೇಕಿತ್ತು" ಅಂದೆ.

ಅದೇ ವಾರ ಒಂದು ಶಾಲೆಯಿಂದ ಫೋನು ಬಂತು. ಒಂಬತ್ತನೇ ಕ್ಲಾಸಿಗೆ ಒಂದು ಡೆಮೊ ಪಾಠ ಮಾಡಿ ತೋರಿಸಬೇಕಿತ್ತು. ವರ್ಷದಿಂದ ಕಾದಿದ್ದ ಫೋನು ಅದು. ಸೀರೆ ಉಟ್ಟು ಲಿಫ್ಟಿನವರೆಗೂ ಹೋದೆ. ಮಕ್ಕಳ ಮುಂದೆ ನಿಂತು ಏನು ಹೇಳಲಿ ಅನ್ನಿಸಿ ವಾಪಸ್ಸು ಬಂದುಬಿಟ್ಟೆ. ಇನ್ನೆರಡು ಶಾಲೆಗಳೂ ಕರೆದವು. ಅಲ್ಲಿಗೂ ಹೋಗಲಿಲ್ಲ. ಈಗ ಯಾರೂ ಕರೆಯುವುದಿಲ್ಲ, ಇವರೂ ಆ ಮಾತು ಎತ್ತುವುದಿಲ್ಲ.