ಕೊಡ ಯಾವಾಗ ತುಂಬಿತ್ತು

ಹತ್ತರಗಿ ದಾಟಿದ ಮೇಲೆ, ಗೋಕಾಕದ ಬಸ್ಸಿಗೆ ಕೈಮಾಡುವ ಜಾಗದಲ್ಲಿ, ಬೇವಿನ ಮರದ ಕೆಳಗೆ ನಾನು ನಿಂತಿದ್ದೆ. ಬೆಳಗಿನ ಎಂಟೂವರೆ ಆಗಿ ಸ್ವಲ್ಪ ಹೊತ್ತಾಗಿತ್ತು. ಉರುಳಿಬಿದ್ದ ಅಡುಗೆ ಎಣ್ಣೆಯ ಟ್ಯಾಂಕರ್ ನನ್ನಿಂದ ನಲವತ್ತು ಹೆಜ್ಜೆ ದೂರದಲ್ಲಿತ್ತು. ಅಂದು ಹೆಜ್ಜೆ ಎಣಿಸಿರಲಿಲ್ಲ. ಆಮೇಲೆ ಹೋಗಿ ಎಣಿಸಿದೆ.

ಮೂರು ವರ್ಷದ ಹಿಂದಿನ ಮಾತು. ಈಗ ಎತ್ತಲು ಕಾರಣ, ಇಂದು ಬೆಳಿಗ್ಗೆ ಫೋನಿಗೆ ಬಂದ ಒಂದು ವಿಡಿಯೊ. ಅದೇ ಟ್ಯಾಂಕರ್, ಕೊಡ ಹಿಡಿದು ಓಡುವ ಅದೇ ಹೆಂಗಸರು. ಊರು ಬೇರೆ ಎಂದು ಬರೆದಿದ್ದಾರೆ, ರಾಜ್ಯವೂ ಬೇರೆ. ‘ಎಣ್ಣೆ ದೋಚಿದ ಜನ’ ಎಂಬ ತಲೆಬರಹ ಮಾತ್ರ ಹಾಗೇ ಉಳಿದಿದೆ. ಹಾಗೆ ಬರೆದವರಲ್ಲಿ ನಾನೂ ಒಬ್ಬ.

ಆಗ ನಾನು ಯಮಕನಮರಡಿಯಿಂದ ಗೋಕಾಕದ ಕಾಲೇಜಿಗೆ ಓಡಾಡುತ್ತಿದ್ದೆ. ಪತ್ರಿಕೋದ್ಯಮ ಓದುತ್ತಿದ್ದೇನೆ ಎಂದು ಕೇಳದವರಿಗೂ ಹೇಳುತ್ತಿದ್ದೆ. ಕಿಸೆಗೆ ಎರಡು ಪೆನ್ನು ಸಿಕ್ಕಿಸಿಕೊಳ್ಳುವುದೇ ಆ ಓದಿನ ಮುಖ್ಯ ಭಾಗವಾಗಿತ್ತು. ಪಾಠ ಮಾಡುತ್ತಿದ್ದವರು ಶೈಲಜಾ ಮೇಡಂ. ಮೂಡಲಗಿಯಿಂದ ದಿನವೂ ಬಸ್ಸಿನಲ್ಲಿ ಬರುವವರು. ದಾರಿಯಲ್ಲಿ ಪತ್ರಿಕೆ ಓದುತ್ತ, ವರದಿಗಾರ ತಾನೇ ಕಾಣದೆ ಬರೆದಿದ್ದಾನೆ ಎನಿಸಿದ ಪ್ರತಿ ವಾಕ್ಯದ ತುದಿಗೂ ಪೆನ್ಸಿಲಿನಿಂದ ‘ಅಂತ’ ಎಂದು ಬರೆಯುತ್ತಿದ್ದರು. ಆಮೇಲೆ ನಮ್ಮಿಂದ ಅದನ್ನು ಓದಿಸುತ್ತಿದ್ದರು. ಮಂತ್ರಿ ಸಿಟ್ಟಾದರು ಅಂತ. ಸಭೆ ಮುರಿದುಬಿತ್ತು ಅಂತ. ಎಂಥ ಗುಡುಗುವ ಸುದ್ದಿಯೂ ಕಟ್ಟೆಯ ಹರಟೆಯಾಗಿಬಿಡುತ್ತಿತ್ತು.

“ನೀವ್ ನೋಡಲಾರದ್ದಕ್ಕ ಅಂತ ಹಚ್ರಿ,” ಎನ್ನುತ್ತಿದ್ದರು.

ಗೆಳೆಯ ಬಸು ತನ್ನ ಪರಿಚಯದ ಪ್ರಬಂಧವನ್ನು ‘ನಾನು ಹುಟ್ಟಿದ್ದು ಹುಕ್ಕೇರಿಯಲ್ಲಿ ಅಂತ’ ಎಂದು ಶುರು ಮಾಡಿದ. ಬೈಯುತ್ತಾರೆಂದು ನಾವೆಲ್ಲ ಖುಷಿಯಿಂದ ಕಾದೆವು. “ಖರೆ ಬರದಿ ನೋಡಪಾ,” ಎಂದರು ಮೇಡಂ. “ನಿಮ್ಮವ್ವನ್ನ ಕೇಳ್ಕೊಂಡ್ ಬಂದು ಅಂತ ತಗಿ.”

ಇಷ್ಟು ಕಲಿತವನು ಆ ದಿನ ಮಾಡಿದ್ದು ಇದು. ಟ್ಯಾಂಕರ್ ಉರುಳಿತು. ಚಾಲಕನನ್ನು ಹೊರಗೆಳೆದು ರಸ್ತೆಯ ಬದಿಗೆ ಮಲಗಿಸಿದರು. ಸ್ವಲ್ಪದರಲ್ಲೇ ಕ್ಯಾನು, ಬಕೆಟ್ಟು ಹಿಡಿದವರು ಬಂದು ಹರಿಯುವ ಎಣ್ಣೆಯನ್ನು ತುಂಬಿಕೊಂಡರು. ಅದನ್ನು ಕಂಡಿದ್ದೇನೆ. ಅವರ ನಡುವೆ ಕೊಡ ಹಿಡಿದ ಮೂವರು ಹೆಂಗಸರಿದ್ದರು. ಬಸ್ಸು ಹತ್ತಿ ಕೂತವನೇ, ಯಾರೋ ಆಗಲೇ ಹರಿಬಿಟ್ಟಿದ್ದ ವಿಡಿಯೊದ ಕೆಳಗೆ ಬರೆದೆ: ‘ಮಹಿಳೆಯರೂ ಕೊಡಗಟ್ಟಲೆ ಎಣ್ಣೆ ಸಾಗಿಸಿದರು. ಪ್ರತ್ಯಕ್ಷ ವರದಿ.’ ನನ್ನ ಹೆಸರನ್ನೂ ಹಾಕಿದೆ. ಬಸ್ಸು ಧುಪದಾಳ ಮುಟ್ಟುವುದರೊಳಗೆ ಅದು ಬೇರೆ ಗುಂಪಿನಿಂದ ನನಗೇ ತಿರುಗಿ ಬಂತು. ಹೆಮ್ಮೆಪಟ್ಟೆ.

ನಾಲ್ಕನೆಯ ದಿನ ಬಸ್ಸಿಗೆ ಕಾಯುತ್ತಿದ್ದಾಗ ಶಾಂತಕ್ಕ ಬಂದು ಎದುರು ನಿಂತರು. ಅಲ್ಲೇ ಒಂದು ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವರು. ವಿಡಿಯೊದಲ್ಲಿ ಗುರುತು ಸಿಗುವಂತೆ ಮುಖ ಕಾಣುವುದು ಅವರದೊಂದೇ.

“ನೀ ಅವತ್ತ ಇಲ್ಲೇ ನಿಂತಿದ್ದಿ ಹೌದಲ್ಲೋ ತಮ್ಮಾ?”

“ಹೌದ್ರಿ ಅಕ್ಕಾ.”

“ಸಾಲಿ ಎಣ್ಣಿನೂ ಹಿಂಗ ಹೊತಗೊಂಡ್ ಹೋಗ್ತೀಯೇನು ಅಂತ ಸಾಲಿ ಕಮಿಟಿಯವರು ನನ್ನ ಕೇಳ್ಯಾರ. ಶನಿವಾರ ಮೀಟಿಂಗ್ ಐತಿ, ಅಲ್ಲೀತನಕ ಒಲಿ ಮುಟ್ಟಬ್ಯಾಡ ಅಂದಾರ. ನಿನಗ ಬರಿಯಾಕ ಯಾರ ಕಲಿಸ್ಯಾರೋ? ಅವರ್ನ ಕರ್ಕೊಂಡ್ ಬಾ.”

ಮೇಡಂ ಮುಂದೆ ಎಲ್ಲವನ್ನೂ ಹೇಳಿದೆ. ಅವರು ಬೈದಿದ್ದರೆ ಹಗುರಾಗುತ್ತಿತ್ತು. ಒಂದು ಬಿಳಿ ಹಾಳೆ ನನ್ನ ಕಡೆ ಸರಿಸಿದರು. “ಎಲ್ಲಿ ನಿಂತಿದ್ದಿ, ಎಷ್ಟಕ್ಕ ನಿಂತಿದ್ದಿ, ಅಲ್ಲಿಂದ ಸುರು ಮಾಡು. ಕೊಡ ಯಾವಾಗ ತುಂಬಿತ್ತು? ಟ್ಯಾಂಕರ್ ಕಡೆ ಹೋಗೂ ಮುಂದೋ, ಬರೂ ಮುಂದೋ?”

ಕಣ್ಣು ಮುಚ್ಚಿದೆ. ನೀರು ಹೊರುವವರ ನಡುವೆಯೇ ಬೆಳೆದವನು ನಾನು. ತುಂಬಿದ ಕೊಡ ಸೊಂಟದ ಮೇಲಿರುತ್ತದೆ, ಮೈ ಇನ್ನೊಂದು ಬದಿಗೆ ವಾಲುತ್ತದೆ. ಖಾಲಿ ಕೊಡವನ್ನು ಅವಸರದಲ್ಲಿ ಕಂಠ ಹಿಡಿದು ಜೋತುಬಿಟ್ಟುಕೊಂಡು ಓಡುತ್ತಾರೆ. ಶಾಂತಕ್ಕ ಟ್ಯಾಂಕರಿನ ಕಡೆ ಓಡುವಾಗ ವಾಲಿದ್ದರು. ತುಳುಕದಂತೆ ಒಂದು ಅಂಗೈ ಕೊಡದ ಬಾಯಿಗೆ ಅಡ್ಡ ಇತ್ತು. ಮರಳುವಾಗ ಕೊಡ ಕೈಯಲ್ಲಿ ತೂಗಾಡುತ್ತಿತ್ತು. ಇದೆಲ್ಲ ನನ್ನ ಕಣ್ಣಿಗೆ ಬಿದ್ದಿತ್ತು. ಬಿದ್ದರೂ ನಾನು ಬೇರೆಯದನ್ನು ಬರೆದಿದ್ದೆ.

“ಏನ್ ಒಯ್ದಿದ್ರು?”

“ನೀರ್ ಇರಬೇಕ್ರಿ.”

“ಇರಬೇಕು ಅನ್ನೂದನ್ನ ಹಾಳ್ಯಾಗ ಬರೀಬ್ಯಾಡ. ಹೋಗಿ ಕೇಳು.”

ಹೋಗಿ ಕೇಳಿದೆ. ಚಾಲಕನ ಕಣ್ಣಿಗೆ ಎಣ್ಣೆ ಹೋಗಿದೆ ಎಂಬ ಕೂಗಿಗೆ ಮೂವರೂ ನಳದ ಸರದಿ ಬಿಟ್ಟು, ತುಂಬಿದ ಕೊಡ ಎತ್ತಿಕೊಂಡು ಓಡಿದ್ದರು.

ಶನಿವಾರ ಶಾಲೆಯ ಮೀಟಿಂಗಿಗೆ ಮೇಡಂ ಬಂದರು. ಮೂಡಲಗಿಯಿಂದ ಎರಡು ಬಸ್ಸು ಬದಲಿಸಿ ಬಂದವರು, ಹಿಂದಿನ ಬೆಂಚಿನಲ್ಲಿ ಕೂತರು. ಹೊಸದಾಗಿ ಬರೆದ ಹಾಳೆಯನ್ನು ನಾನು ಎದ್ದು ಓದಿದೆ. ಸಮಿತಿಯ ಹಿರಿಯರೊಬ್ಬರು ಕನ್ನಡಕ ತೆಗೆದರು. “ಮೊನ್ನೆ ಒಂದ್ ಬರದಿ, ಇವತ್ತೊಂದ್ ಬರದಿ. ಯಾವುದು ಖರೆ ತಿಳೀಬೇಕೋ ಮಾರಾಯಾ?”

“ಮೊನ್ನಿದು ಸುಳ್ಳ್ರಿ. ಅದನ್ನ ಬರದಾಂವನೂ ನಾನ ರೀ.” ವಿಡಿಯೊ ಹಚ್ಚಿ ಫೋನನ್ನು ಮೇಜಿನ ಮೇಲಿಟ್ಟೆ. ಮಕ್ಕಳ ತಾಯಂದಿರು ಸುತ್ತ ಬಾಗಿದರು. ಒಬ್ಬ ಅಜ್ಜಿ ನಕ್ಕೇಬಿಟ್ಟರು.

“ಖಾಲಿ ಕೊಡ ಯಾರರ ಸೊಂಟಕ್ಕಿಟ್ಟು ವಾಲ್ತಾರೇನ್ರೋ ಹುಚ್ಚಗೋಳ್ರಾ? ಹೋಗೂ ಮುಂದನ ತುಂಬೈತಿ, ನೋಡ್ರಿಲ್ಲೆ!”

ಎಲ್ಲರೂ ನಕ್ಕರು. ಶಾಂತಕ್ಕ ನಗಲಿಲ್ಲ. ಯಾರ ಅಪ್ಪಣೆಗೂ ಕಾಯದೆ ಎದ್ದು ಅಡುಗೆ ಕೋಣೆಯ ಕಡೆ ನಡೆದರು; ಚಿಲಕ ತೆಗೆದ ಸದ್ದು ಕೇಳಿತು.

ಬಸ್ಸಿಗೆ ಕಾಯುವಾಗ ಮೇಡಂ ಕೇಳಿದರು, “ಮೊದಲಿಂದು ಅಳಿಸಿದಿ?”

“ಅಳಸೇನ್ರಿ. ಆದರ ಅದು ಎಲ್ಲೆಲ್ಲೋ ಹೋಗಿಬಿಟ್ಟೈತ್ರಿ.”

“ಹಂಗಾರ ಇದನ್ನ ಬರಕೋತ ಇರು.”

ಇಂದು ಆ ವಿಡಿಯೊ ಕಳಿಸಿದವರಿಗೆ ಬೈದು ಉತ್ತರಿಸಲು ಹೊರಟಿದ್ದೆ. ಬೈಗುಳ ಅಳಿಸಿ ಇದನ್ನು ಬರೆದಿದ್ದೇನೆ. ನನ್ನೊಬ್ಬನ ಮಾತು ಸಾಲದಿದ್ದರೆ ಕೇಳಲು ಜನರಿದ್ದಾರೆ. ಶಾಂತಕ್ಕ ಇದ್ದಾರೆ, ಆ ಶಾಲೆಯ ಅಡುಗೆ ಇಂದಿಗೂ ಅವರದೇ. ಯಲ್ಲವ್ವ ಇದ್ದಾರೆ, ನಳದ ಎದುರು ಮನೆ. ಮೂರನೆಯವರಾದ ಮಾಲನಬಿ ಈಗ ಮಗಳ ಮನೆಯಲ್ಲಿದ್ದಾರೆ, ಧುಪದಾಳದಲ್ಲಿ. ಚಾಲಕನೂ ಬದುಕಿದ್ದಾನೆ. ಅವನನ್ನು ಮಾತ್ರ ಕಂಡವರ ಸಾಲಿಗೆ ಸೇರಿಸುವಂತಿಲ್ಲ; ಈ ಮೂವರು ನೀರು ಹನಿಸುವ ತನಕ ಅವನು ಕಣ್ಣು ತೆರೆದಿರಲಿಲ್ಲ.