ಹೊಸ್ತಿಲಾಚೆಯ ಅತ್ತೆ

ಉಣ್ಣೆ ನೂತು ನೂತು ನಮ್ಮ ಸೋದರತ್ತೆಯ ಹೆಬ್ಬೆರಳು ಎಷ್ಟು ನುಣ್ಣಗಾಗಿತ್ತೆಂದರೆ ರೇಷನ್ ಅಂಗಡಿಯ ಯಂತ್ರಕ್ಕೆ ಅದರ ಗುರುತೇ ಸಿಗುತ್ತಿರಲಿಲ್ಲ. "ನನ್ನ ಗುರುತು ದೇವ್ರಿಗೆ ಗೊತ್ತೈತಿ ಬಿಡಲೇ" ಎಂದು ನಗುತ್ತಿದ್ದಳು.

ಗಂಡ ಸತ್ತ ಮೇಲೆ ಹೊಸಹಳ್ಳಿ ಹತ್ತಿರದ ನಮ್ಮ ಮನೆಗೇ ಬಂದು ನಿಂತವಳು. ದೇವರ ಕೋಣೆಯ ದೀಪವನ್ನು ಮುಟ್ಟು ನಿಂತ ಹೆಂಗಸೇ ಹಚ್ಚಬೇಕೆಂಬುದು ನಮ್ಮ ಮನೆಯ ಕಟ್ಟಳೆ. ತನ್ನದು ನಿಂತ ವರ್ಷವೇ ಅತ್ತೆ ಎಣ್ಣೆಯ ಗಿಂಡಿ ಹಿಡಿದಳು. ಅಲ್ಲಿಂದ ಅವಳ ಮಾತಿಗೆ ಬೆಲೆ ಬಂತು, ನಮ್ಮಪ್ಪನನ್ನೂ ಗದರಿಸುವಳು.

ಎಷ್ಟೋ ವರ್ಷಗಳ ಮೇಲೆ ದೀಪ ಆಗಾಗ ಹತ್ತದೆ ಉಳಿಯತೊಡಗಿತು. ಮಂಡಿನೋವು ಎನ್ನುತ್ತಿದ್ದಳು. ಊರಿಗೆ ಹೋದಾಗ ಅವಳು ಹೊರಗಿನ ಕಟ್ಟೆಯ ಮೇಲೆ ಮಲಗಿದ್ದು ಕಂಡು ನಾನು ಬಿಡದೆ ಕೇಳಿದೆ.

"ಮತ್ತ ಮುಟ್ಟು ಬರಾಕತ್ತೈತಿ. ಯಾರ ಮುಂದೂ ಅನಬ್ಯಾಡ ಮಗಳ, ಗಿಂಡಿ ಕಸ್ಕೊಂತಾರ."

ಅಂಗಾಂಶ ಪರೀಕ್ಷೆ ಮಾಡುವ ಡಾಕ್ಟರು ನಾನು. ಗರ್ಭಕೋಶದ ಒಳಪದರದ ಚೂರು ತೆಗೆಸಿ ನಾನೇ ನೋಡಿದೆ. ಗ್ರಂಥಿಗಳು ಹೆಚ್ಚಿ ಒತ್ತೊತ್ತಾಗಿದ್ದವು, ಜೀವಕೋಶಗಳು ರೂಪಗೆಟ್ಟಿದ್ದವು. ಆದರೂ ಗ್ರಂಥಿಗಳ ನಡುವೆ ಒಂದಿಷ್ಟು ತೆರಪು ಉಳಿದಿತ್ತು. ಕ್ಯಾನ್ಸರಿಗೆ ಇನ್ನೊಂದೇ ಮೆಟ್ಟಿಲು.

"ದೊಡ್ಡಿಯೊಳಗ ಕುರಿ ಹೆಚ್ಚಾಗ್ಯಾವ ಅತ್ತಿ. ಕಾಲಿಡಾಕ ಇನ್ನಾ ಜಾಗ ಐತಿ. ಈಗ್ಲೇ ಗರ್ಭಚೀಲ ತೆಗಿಸಿಬಿಡಾಣು."

ಆಪರೇಷನ್ ಆಗುವ ತನಕ ಎಂದು ಕೊಟ್ಟ ಮಾತ್ರೆಗೆ ರಕ್ತ ನಿಂತಿತು. ನಿಂತದ್ದೇ ತಡ, ತಲೆಗೆ ನೀರು ಹಾಕಿಕೊಂಡು ದೀಪ ಹಚ್ಚಿದಳು. "ನಿಂತ ಮ್ಯಾಲೆ ಕೊಯ್ಯೋದ್ಯಾತಕ?" ಫೋನಿನಲ್ಲಿ ಬೈದೆ, ಬೇಡಿಕೊಂಡೆ. ಬರಲಿಲ್ಲ. ಮಾತ್ರೆಯನ್ನೂ ಬಿಟ್ಟಳು.

ಮತ್ತೆ ಕರೆತರುವಷ್ಟರಲ್ಲಿ ಗ್ರಂಥಿಗೆ ಗ್ರಂಥಿ ಅಂಟಿ ಎಳೆಯಷ್ಟೂ ತೆರಪಿರಲಿಲ್ಲ. ಕ್ಯಾನ್ಸರ್ ಶ್ವಾಸಕೋಶಕ್ಕೂ ಏರಿತ್ತು.

"ಜಾಗ ಐತೇನು?" ಎಂದು ಕೇಳಿದಳು. ನಾನು ರಿಪೋರ್ಟು ಮಡಚಿಟ್ಟೆ. "ಗೊತ್ತಾತು ಬಿಡು" ಎಂದು ಸೆರಗಿನಿಂದ ನನ್ನ ಕಣ್ಣೊರೆಸಿದಳು.

ಕೊನೆಗೆ ರಕ್ತ ನಿಲ್ಲಲೇ ಇಲ್ಲ. ಎಷ್ಟು ಹೇಳಿದರೂ ಕಟ್ಟೆ ಬಿಟ್ಟು ಒಳಗೆ ಬರಲೊಲ್ಲಳು. ಆ ಕಟ್ಟಳೆಯ ಮೇಲೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ಸಂಜೆ ಗಿಂಡಿ ತರಿಸಿ ನನ್ನ ಕೈಗಿಟ್ಟಳು.

"ಹೋಗಿ ದೀಪ ಹಚ್ಚು."

"ನಂದಿನ್ನಾ ನಿಂತಿಲ್ಲ ಅತ್ತಿ."

"ಗೊತ್ತೈತಿ. ಎಲ್ಲಾರ ಮುಂದ ಹಚ್ಚು. ಗಿಂಡಿ ಹೋದೀತಂತ ಅಂಜಿ ಇನ್ಯಾರೂ ಮುಚ್ಚಿಡಬಾರ್ದು."

ಹಚ್ಚಿದೆ. ಅಮ್ಮ, ಚಿಕ್ಕಮ್ಮ ನೋಡುತ್ತ ನಿಂತರು, ಯಾರೂ ತಡೆಯಲಿಲ್ಲ. ಹೊರಗೆ ಬಂದು, "ಇನ್ನ ನೀನೂ ಒಳಗ ಬಾ ಅತ್ತಿ" ಎಂದೆ.

"ನಾ ಬ್ಯಾಡ" ಎಂದಳು.

ಮರುದಿನ ಅಲ್ಲೇ ತೀರಿಹೋದಳು, ಹೊಸ್ತಿಲ ಕಡೆ ತಲೆ ಮಾಡಿಕೊಂಡು.